ಚಿನ್ನಿದಾಂಡೋ, ಚಿಣಿಫಣಿಯೋ, ಹಾಣೆ ಗೆಂಡೆಯೋ? ಚಳಿಗಾಲದ ಆಟಗಳ ಊರಮಾತು ಕೂಡಿಡುವ ಬಗೆ

ಸುಗ್ಗಿ ಮುಗಿದ ಮೇಲೆ ಹೊಲ ಖಾಲಿ. ಮಳೆ ಇಲ್ಲ, ಕೆಸರಿಲ್ಲ, ಬೆಳೆ ತುಳಿದರೆ ಬೈಯುವವರಿಲ್ಲ, ಮಧ್ಯಾಹ್ನದ ಬಿಸಿಲೂ ಅಷ್ಟು ಸುಡುವುದಿಲ್ಲ. ಕಾರ್ತಿಕದಿಂದ ಹಿಡಿದು ಸಂಕ್ರಾಂತಿ ದಾಟುವವರೆಗೆ ಹಳ್ಳಿಗಳಲ್ಲಿ ಮಕ್ಕಳ ಬೀದಿಯಾಟ ಜೋರಾಗಿರುತ್ತಿದ್ದುದು ಇದೇ ಕಾರಣಕ್ಕೆ. ಹೊರಗೆ ಚಿನ್ನಿದಾಂಡು, ಗೋಲಿ, ಬುಗುರಿ, ಲಗೋರಿ, ಕಬಡ್ಡಿ. ಬೇಗ ಕತ್ತಲಾಗಿ ಚಳಿ ಹತ್ತಿದರೆ ಒಳಗೆ ಕೂತು ಚೌಕಾಬಾರ, ಅಣ್ಣೆಕಲ್ಲು, ಹುಲಿ-ಕುರಿ.

ಈ ಆಟಗಳ ಹೆಸರುಗಳ ಪಟ್ಟಿ ಬೇಕಾದಷ್ಟು ಕಡೆ ಸಿಗುತ್ತದೆ. ಆದರೆ ಆ ಪಟ್ಟಿ ನೋಡಿಕೊಂಡು ಆಡಲು ಹೋಗಿ, ಎರಡನೇ ನಿಮಿಷಕ್ಕೇ ಮಾತು ಸಾಲುವುದಿಲ್ಲ. ಚಿನ್ನಿ ಇಡುವ ಗುಳಿಗೆ ಏನಂತಾರೆ? ಮೊದಲ ಹೊಡೆತಕ್ಕೆ? ಹೊಡೆತ ತಪ್ಪಿದರೆ ಏನು ಕೂಗಬೇಕು? ಕಾಲಿಗೆ ಮುಳ್ಳು ಚುಚ್ಚಿದಾಗ ಆಟ ನಿಲ್ಲಿಸಲು ಯಾವ ಮಾತು? ಆಟದ ಹೆಸರು ಹೇಗೋ ಉಳಿದುಕೊಳ್ಳುತ್ತದೆ. ಒಳಗಿನ ಈ ಸಣ್ಣ ಮಾತುಗಳು ಮೊದಲು ಹೋಗುತ್ತವೆ, ಮತ್ತು ಊರಿಂದೂರಿಗೆ ಜಾಸ್ತಿ ಬದಲಾಗುವುದೂ ಇವೇ. ಹಾಗಾಗಿ ಈ ಬರಹ ಹೆಸರುಗಳನ್ನು ಹೇಳಿಕೊಡುವುದಕ್ಕಿಂತ, ನಿಮ್ಮ ಊರಿನ, ನಿಮ್ಮ ಮನೆಯ ಆಟದ ಮಾತನ್ನು ಈ ಚಳಿಗಾಲದಲ್ಲಿ ನೀವೇ ಕೂಡಿಡುವುದು ಹೇಗೆ ಅಂತ ಹೇಳುತ್ತದೆ. ಬೇಕಾಗುವುದು ಒಂದು ಮೊಬೈಲು, ಒಂದು ನೋಟ್‌ಬುಕ್ಕು, ಆಮೇಲೆ ಮುಖ್ಯವಾಗಿ ಒಂದು ಜೊತೆ ಕೋಲು.

ಮೊದಲು: ಒಂದು ಆಟ, ಒಂದು ಊರು

ಎಲ್ಲಾ ಆಟ, ಎಲ್ಲಾ ಜಿಲ್ಲೆ ಅಂತ ಹೊರಟರೆ ಏನೂ ಆಗುವುದಿಲ್ಲ. ಒಂದೇ ಆಟ ಹಿಡಿಯಿರಿ. ಯಾವುದು ಅಂತ ಗೊತ್ತಾಗದಿದ್ದರೆ ಚಿನ್ನಿದಾಂಡಿನಿಂದ ಶುರು ಮಾಡಿ. ಯಾಕೆಂದರೆ ಅದರಲ್ಲಿ ಸಾಮಾನು ಎರಡೇ, ಆದರೆ ಮಾತು ಬೆಟ್ಟದಷ್ಟು.

ಈ ಆಟವನ್ನು ಹಳೇ ಮೈಸೂರು ಕಡೆ ಚಿನ್ನಿದಾಂಡು, ಗಿಲ್ಲಿದಾಂಡು ಅಂತಾರೆ. ಉತ್ತರ ಕರ್ನಾಟಕದಲ್ಲಿ ಚಿಣಿಫಣಿ, ಚಿಣಿಕೋಲು. ಕುಂದಾಪುರದ ಕಡೆ ಹಾಣೆ ಗೆಂಡೆ. ತುಳುನಾಡಿನಲ್ಲಿ ಕುಟ್ಟಿದೊಣ್ಣೆ. ಬೆಳಗಾವಿಯಲ್ಲಿ ಪಕ್ಕದ ಮನೆಯ ಮರಾಠಿ ಹುಡುಗ ಅದನ್ನೇ ವಿಟಿದಾಂಡು ಅನ್ನುತ್ತಾನೆ, ಇಬ್ಬರೂ ಒಂದೇ ಗುಂಪಿನಲ್ಲಿ ಆಡುತ್ತಾರೆ, ಯಾರಿಗೂ ತೊಂದರೆ ಇಲ್ಲ.

ವಿಟಿದಾಂಡಿನ ವಿಷಯ ಬಂದಿದ್ದಕ್ಕೆ ಒಂದು ಮಾತು ಹೇಳಲೇಬೇಕು. ಮರಾಠಿ ಮಕ್ಕಳು ಈ ಆಟದಲ್ಲಿ ಎಣಿಸುವಾಗ ಏಕ್, ದೋನ್ ಅನ್ನುವುದಿಲ್ಲ. ವಕಟ್, ಲೇಂಡ್, ಮೂಂಡ್, ನಾಲ್ ಅಂತಾರೆ. ಕಿವಿಗೊಟ್ಟು ಕೇಳಿ. ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗು ಕೇಳಿಸುತ್ತದೆ ಅಲ್ವಾ? ಅಂಗಡಿಯಲ್ಲಿ, ಶಾಲೆಯಲ್ಲಿ ಎಲ್ಲೂ ಬಳಸದ ಎಣಿಕೆ ಆಟದಲ್ಲಿ ಮಾತ್ರ ಉಳಿದುಕೊಂಡಿದೆ. ದೊಡ್ಡವರು ತಿದ್ದಲಿಲ್ಲ, ಪುಸ್ತಕಕ್ಕೆ ಹತ್ತಲಿಲ್ಲ, ಒಂದು ಹುಡುಗರ ಗುಂಪು ಮುಂದಿನ ಗುಂಪಿಗೆ ಹೇಳಿಕೊಡುತ್ತಾ ಬಂತು. ನಿಮ್ಮ ಊರಿನ ಎಣಿಕೆಯಲ್ಲೂ ಇಂಥದ್ದೇನಾದರೂ ಅಡಗಿರಬಹುದು. ಅದಕ್ಕೇ ಎಣಿಸುವ ಮಾತನ್ನು ಎಂದೂ ಬಿಡಬೇಡಿ.

ಕಾಲ ನೋಡಿ ಕೇಳಿ

ಚಳಿಗಾಲದ ಆಟ ಅಂದ ಮೇಲೆ ಯಾವುದು ಚಳಿಗಾಲದ್ದು ಅಂತ ಮೊದಲು ಊರಿನವರನ್ನೇ ಕೇಳಬೇಕು. ಇದು ಎಲ್ಲ ಕಡೆ ಒಂದೇ ಅಲ್ಲ. ಗಾಳಿಪಟ ಅಂದರೆ ಗುಜರಾತಿನವರಿಗೆ ಸಂಕ್ರಾಂತಿ. ಬೆಂಗಳೂರು, ಮೈಸೂರು ಸೀಮೆಯಲ್ಲಿ ಅದು ಆಷಾಢದ ಗಾಳಿಯ ಆಟ. ಅಳಗುಳಿಮಣೆಯನ್ನು ಹಳೇ ಮೈಸೂರಿನ ಅಜ್ಜಿಯರು ಬಿಡುವಾದಾಗ ಯಾವಾಗ ಬೇಕಾದರೂ ಹಾಸಿ ಕೂರುತ್ತಾರೆ. ಅದೇ ಮಣೆ ತುಳುನಾಡಿನಲ್ಲಿ ಚೆನ್ನೆಮಣೆ, ಅದರ ಕಾಲ ಆಟಿ ತಿಂಗಳು, ಅಂದರೆ ಜಡಿಮಳೆಯ ಜುಲೈ-ಆಗಸ್ಟ್. ಅಲ್ಲಿಯ ಹಿರಿಯರನ್ನು ಡಿಸೆಂಬರಿನಲ್ಲಿ ಚೆನ್ನೆಮಣೆ ಬಗ್ಗೆ ಕೇಳಿದರೆ, 'ಈಗೆಂಥದ್ದು ಚೆನ್ನೆ?' ಅಂತ ನಗಬಹುದು. ಆ ನಗುವನ್ನೂ ಬರೆದುಕೊಳ್ಳಿ. ಆಟಕ್ಕೊಂದು ಕಾಲ ಇತ್ತು ಅನ್ನುವುದೇ ಒಂದು ಮಾಹಿತಿ.

ಜೊತೆಗೆ ಏನು ಮಾಡಬಾರದಿತ್ತು ಅಂತಲೂ ಕೇಳಿ. ತುಳುನಾಡಿನಲ್ಲಿ ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಅನ್ನುತ್ತಾರೆ. ತುಳುವಿನ ಹಾಡುಗಥೆ ಸಿರಿ ಪಾಡ್ದನದ ಅವಳಿ ಮಕ್ಕಳು ಅಬ್ಬಗ-ದಾರಗರು ಚೆನ್ನೆ ಆಡುತ್ತಾ ಜಗಳವಾಡಿ ಜೀವ ಕಳೆದುಕೊಂಡ ಕಥೆ ಅದರ ಹಿಂದಿದೆ. ಒಂದು 'ಆಡಬಾರದು' ಕೇಳಿದರೆ ಹತ್ತು 'ಹೀಗೆ ಆಡುತ್ತಿದ್ದೆವು' ಹೊರಬರುತ್ತವೆ.

ಕೇಳಲು ಒಳ್ಳೆಯ ಹೊತ್ತು ಬೆಳಗಿನ ಎಳೆಬಿಸಿಲು. ಹಿರಿಯರು ಹೇಗೂ ಹೊರಗೆ ಬಂದು ಕೂತಿರುತ್ತಾರೆ, ಕೆಲಸ ಇರುವುದಿಲ್ಲ, ಮಾತಿಗೆ ಜನ ಬೇಕಿರುತ್ತದೆ. ಕಲಬುರಗಿ, ಬೀದರ್, ವಿಜಯಪುರದ ಕಡೆಯವರಿಗೆ ಎಳ್ಳಮಾಸಿಗಿಂತ, ಅಂದರೆ ಎಳ್ಳ ಅಮಾವಾಸ್ಯೆಗಿಂತ, ಒಳ್ಳೆಯ ದಿನ ಇನ್ನೊಂದಿಲ್ಲ. ಮನೆಮಂದಿ, ನೆಂಟರು, ಓಣಿಯವರು ಎಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ (ಹೊಲಕ್ಕೆ ಎಡೆ ಎರಚಿ), ಭಜ್ಜಿ-ರೊಟ್ಟಿ ಉಂಡು, ಮಧ್ಯಾಹ್ನ ಪೂರ್ತಿ ಅಲ್ಲೇ ಇರುತ್ತಾರೆ. ಮೂರು ತಲೆಮಾರು ಒಂದೇ ಹೊಲದಲ್ಲಿ. ದಕ್ಷಿಣದವರಿಗೆ ಸಂಕ್ರಾಂತಿ. ಪೇಟೆ ಸೇರಿದವರೂ ಊರಿಗೆ ಬಂದಿರುತ್ತಾರೆ. ಅವತ್ತು ಮಕ್ಕಳಿಗೆ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಸೇರಿಸಿ ತಲೆ ಮೇಲೆ ಎರೆಯುವಾಗ, ಅದೇ ಹಣ್ಣನ್ನು ಉತ್ತರದ ಕಡೆಯ ಸೊಸೆ ಬಾರಿಹಣ್ಣು ಅಂದಾಳು. ಅಲ್ಲಿಂದಲೇ ಮಾತು ತೆಗೆಯಬಹುದು.

'ಇದಕ್ಕೆ ಏನಂತೀರಿ?' ಅಂತ ಕೇಳಬೇಡಿ, ಆಡಿಸಿ

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ.

ಪೆನ್ನು ಹಿಡಿದು, 'ನಿಮ್ಮ ಕಡೆ ಚಿನ್ನಿದಾಂಡಿನಲ್ಲಿ ಬಳಸುವ ಪದಗಳನ್ನು ಹೇಳಿ' ಅಂದರೆ ಹಿರಿಯರು ಗಂಭೀರವಾಗಿಬಿಡುತ್ತಾರೆ. ಪುಸ್ತಕದ ಕನ್ನಡ ಬರುತ್ತದೆ. 'ನಾವು ಬಾಲ್ಯದಲ್ಲಿ ಅನೇಕ ಆಟಗಳನ್ನು ಆಡುತ್ತಿದ್ದೆವು' ಅಂತ ಭಾಷಣ ಶುರುವಾದರೆ ಆ ಹೊತ್ತು ದಂಡ. ಬದಲಿಗೆ ಕೋಲನ್ನು ಕೈಗೆ ಕೊಡಿ. ಒಂದು ಮೊಳಕ್ಕಿಂತ ತುಸು ಉದ್ದದ ಗಟ್ಟಿ ಕೋಲು ದಾಂಡಿಗೆ. ಗೇಣಿಗಿಂತ ಚಿಕ್ಕದು, ಎರಡೂ ತುದಿ ಚೂಪು ಮಾಡಿದ್ದು ಚಿನ್ನಿಗೆ. ಬೇಕಂತಲೇ ಚಿನ್ನಿಯ ತುದಿಯನ್ನು ಸರಿಯಾಗಿ ಕೆತ್ತದೆ ತೆಗೆದುಕೊಂಡು ಹೋಗಿ. ಅಜ್ಜ ಅದನ್ನು ಕೈಗೆ ತಗೊಂಡು ತಿರುಗಿಸಿ ನೋಡಿ, 'ಇದು ಹಾರಂಗಿಲ್ಲಲೇ, ಕುಡಗೋಲು ತಾ' ಅಂದರು ಅಂದುಕೊಳ್ಳಿ. ನಿಮ್ಮ ಕೆಲಸ ಶುರುವಾಯಿತು. ಇನ್ನು ಮೇಲೆ ತುದಿ ಎಷ್ಟು ಚೂಪಿರಬೇಕು, ಯಾವ ಮರದ್ದಾಗಬೇಕು, ಚೂಪು ಜಾಸ್ತಿಯಾದರೆ ಏನಾಗುತ್ತದೆ, ಎಲ್ಲವೂ ಕೇಳದೆಯೇ ಬರುತ್ತದೆ. ಬರುವುದೆಲ್ಲ ಊರಿನ ಮಾತಲ್ಲೇ.

ಕರೆಯುವ ರೀತಿಯೂ ಮುಖ್ಯ. 'ಸರ್' ಅಂತ ಶುರು ಮಾಡಿದರೆ ಉತ್ತರವೂ ಆಫೀಸಿನ ಕನ್ನಡದಲ್ಲೇ. ವಿಜಯಪುರದ ಕಡೆ ಮುತ್ಯಾ, ಆಯಿ. ಮೈಸೂರು ಕಡೆ ಅಜ್ಜ, ಅಜ್ಜಿ, ಇಲ್ಲಾ ತಾತ. ಊರಿನವರು ಏನಂತ ಕರೆಯುತ್ತಾರೋ ಹಾಗೇ ಕರೆಯಿರಿ. 'ಮುತ್ಯಾ, ನೀವು ಸಣ್ಣವರಿದ್ದಾಗ ಇದನ್ನ ಹೆಂಗ ಹೊಡೀತಿದ್ರಿ?' ಸಾಕು. ನಿಮಗೆ ಆ ಮಾತು ಬಾಯಿಗೆ ಬಾರದಿದ್ದರೆ ನಕಲು ಮಾಡಬೇಡಿ, ಅದು ಕಿವಿಗೆ ಕೆಟ್ಟದಾಗಿ ಕೇಳುತ್ತದೆ. ಆ ಊರಿನ ಹುಡುಗ ಯಾರನ್ನಾದರೂ ಜೊತೆಗೆ ಕೂರಿಸಿಕೊಂಡು ಅವನಿಂದಲೇ ಕೇಳಿಸಿ.

ಜೋಡಿ ಹೆಸರು ಸಿಕ್ಕಾಗ ಒಂದು ಎಚ್ಚರ. ಹಾಣೆ ಗೆಂಡೆ, ಚಿಣಿಫಣಿ ಅಂತ ಬರೆದುಕೊಂಡು ಮನೆಗೆ ಬಂದರೆ ಅರ್ಧ ಕೆಲಸ. ಇದರಲ್ಲಿ ಉದ್ದ ಕೋಲು ಯಾವುದು, ಮೋಟು ಯಾವುದು ಅಂತ ಒಂದೊಂದನ್ನೇ ಕೈಯಲ್ಲಿ ಹಿಡಿಸಿ ಹೇಳಿಸಿ, ಫೋಟೋ ತೆಗೆಯಿರಿ. ಕುಟ್ಟಿದೊಣ್ಣೆಯಲ್ಲಿ ಗೊಂದಲ ಇಲ್ಲ, ಕುಟ್ಟಿ ಚಿಕ್ಕದು, ದೊಣ್ಣೆ ದೊಡ್ಡದು. ಎಲ್ಲಾ ಹೆಸರೂ ಅಷ್ಟು ಸಲೀಸಲ್ಲ.

ಆಟದ ದಾರಿ ಹಿಡಿದು ಕೇಳುತ್ತಾ ಹೋಗಿ

ಆಟ ನಡೆಯುವ ಸಾಲಿನಲ್ಲೇ ಪ್ರಶ್ನೆ ಇರಲಿ. ಆಗ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಗುಂಪು ಮಾಡುವುದು. ಯಾರು ಮೊದಲು ಆಡುತ್ತಾರೆ ಅಂತ ಹೇಗೆ ತೀರ್ಮಾನ ಮಾಡುತ್ತಿದ್ದರು? ಬೆಂಗಳೂರಿನ ಬೀದಿಗಳಲ್ಲಿ 'ಸಾ ಬೂ ತ್ರೀ' ಅಂತ ಕೂಗಿ ಕೈ ಮೇಲು-ಕೆಳಗೆ ಮಾಡುತ್ತಿದ್ದರು. ಬೇರೆ ಕಡೆ ಬೆರಳೆಣಿಸುವ ಪದ್ಯ ಇರುತ್ತದೆ. ಅದು ಅರ್ಥವಿಲ್ಲದ್ದು ಅಂತ ಹಿರಿಯರು ನಾಚಿಕೊಂಡು ಬಿಟ್ಟುಬಿಡುತ್ತಾರೆ. ಬಿಡಬೇಡಿ, ಹೇಳಿಸಿ. ಚಿಕ್ಕ ತಮ್ಮನನ್ನು ಎಳೆದುಕೊಂಡು ಬಂದ ಅಕ್ಕ ಇರುತ್ತಿದ್ದಳಲ್ಲ, ಆ ತಮ್ಮನನ್ನು ಸೇರಿಸಿಕೊಂಡ ಹಾಗೂ ಆಗಬೇಕು, ಸೇರಿಸಿಕೊಳ್ಳದ ಹಾಗೂ ಆಗಬೇಕು. 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅನ್ನುವ ಮಾತು ಎಲ್ಲರಿಗೂ ಗೊತ್ತು. ಆದರೆ ಅಂಥ ಮಗುವಿಗೆ ನಿಮ್ಮ ಊರಲ್ಲಿ ಬೇರೆ ಹೆಸರಿತ್ತೇ? ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಕೇಳಿದ ಕೂಡಲೇ ಯಾರೋ ಒಬ್ಬರು ಪಕ್ಕದವರನ್ನು ತೋರಿಸಿ ನಗುತ್ತಾರೆ.

ಆಮೇಲೆ ನೆಲ. ಚಿನ್ನಿ ಇಡುವ ತೋಡಿಗೆ ಗುಳಿ ಅನ್ನುತ್ತಾರೋ, ಗುಂಡಿಯೋ, ಕುಣಿಯೋ? ಗೆರೆಗೆ ಏನಂತಾರೆ? ಕುಂಟೆಬಿಲ್ಲೆಯಲ್ಲಿ ಚೌಕಕ್ಕೆ ಮನೆ ಅನ್ನುತ್ತಾರಾ? ಕುಂಟೆಬಿಲ್ಲೆಗೆ ಉತ್ತರದಲ್ಲಿ ಕುಂಟಲಿಪಿ ಅಂತಲೂ ಹೆಸರಿದೆ. ಎಸೆಯುವ ಬಿಲ್ಲೆ ಮಾಡುತ್ತಿದ್ದುದು ಹೆಚ್ಚಾಗಿ ಒಡೆದ ಹೆಂಚಿನಿಂದ. ಆ ಹೆಂಚು ಕೆಲವು ಕಡೆ ಹಂಚು, ಕರಾವಳಿಯಲ್ಲಿ ಓಡು. ಹಾಗಾಗಿ ಆಟದ ಮಾತು ಕೂಡಿಡಲು ಹೋದವರಿಗೆ ಮನೆ ಕಟ್ಟುವ ಮಾತೂ ಸಿಗುತ್ತದೆ.

ಮೂರನೆಯದು ಹೊಡೆತಗಳು. ಗುಳಿಯ ಮೇಲೆ ಅಡ್ಡ ಇಟ್ಟ ಚಿನ್ನಿಯನ್ನು ದಾಂಡಿನಿಂದ ಚಿಮ್ಮುವುದು ಒಂದು. ತುದಿಗೆ ಕುಟ್ಟಿ ಮೇಲೆ ಹಾರಿಸಿ ಗಾಳಿಯಲ್ಲೇ ಬಾರಿಸುವುದು ಇನ್ನೊಂದು. ಎರಡಕ್ಕೂ ಒಂದೇ ಕ್ರಿಯಾಪದ ಇರುವುದಿಲ್ಲ. ಎದುರಿನವನು ಹಿಡಿದರೆ ಒಂದು ಕೂಗು, ಗುಳಿಯ ಮೇಲೆ ಮಲಗಿಸಿದ ದಾಂಡಿಗೆ ಚಿನ್ನಿ ಎಸೆದು ತಾಗಿಸಿದರೆ ಇನ್ನೊಂದು ಕೂಗು. ದಾಂಡಿನಿಂದಲೇ ದೂರ ಅಳೆಯುವಾಗ ಎಣಿಕೆ. ಸೋತವನಿಗೆ ಶಿಕ್ಷೆ ಏನು, ಅದಕ್ಕೆ ಹೆಸರೇನು. ಬುಗುರಿಯಲ್ಲಿ ಈ ಶಿಕ್ಷೆ ಕಣ್ಣಿಗೇ ಕಾಣುತ್ತದೆ. ಸೋತವನ ಬುಗುರಿಯನ್ನು ವೃತ್ತದೊಳಗೆ ಇಟ್ಟು, ಉಳಿದವರು ತಮ್ಮ ಬುಗುರಿಯ ಮೊಳೆಯಿಂದ ಅದಕ್ಕೆ ಕುಟ್ಟುತ್ತಾರೆ. ಮರದಲ್ಲಿ ಬಿದ್ದ ಆ ತೂತಿಗೆ ಮೈಸೂರು ಸೀಮೆಯಲ್ಲಿ ಗುನ್ನ ಅಂತಾರೆ. ಹಳೆಯ ಬುಗುರಿ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತೆಗೆಸಿ. ಅದರ ಮೇಲಿನ ಒಂದೊಂದು ಗುನ್ನಕ್ಕೂ ಹೊಡೆದವನ ಹೆಸರು ಇನ್ನೂ ನೆನಪಿರುತ್ತದೆ, ಆ ಜನಕ್ಕೆ. ಉತ್ತರದ ಕಡೆಯವರು ಬುಗುರಿಗೆ ಬಗರಿ ಅಂತಾರೆ. ಸುತ್ತುವ ದಾರಕ್ಕೆ ಚಾಟಿಯೋ ಬೇರೆಯೋ, ಅದನ್ನೂ ಕೇಳಿ.

ಕೊನೆಗೆ ತಕರಾರು. ಆಟ ನಿಲ್ಲಿಸುವ ಮಾತು ಯಾವುದು? ಪೇಟೆಯ ಮಕ್ಕಳು 'ಟೈಂಪ್ಲೀಸ್' ಅಂತಾರೆ. ನಿಮ್ಮ ಅಜ್ಜ ಏನಂತಿದ್ದರು? ಮೋಸ ಮಾಡಿದವನನ್ನು ಏನಂತ ಬೈಯುತ್ತಿದ್ದರು? ಹಿಡಿಯುವ ಸರದಿ ಬಂದವನಿಗೆ ಕಳ್ಳ ಅಂತಿದ್ದರೋ ಇನ್ನೇನೋ? ಈ ಭಾಗಕ್ಕೆ ಬಂದಾಗ ಇಬ್ಬರು ಮೂವರು ಹಿರಿಯರು ಒಟ್ಟಿಗಿದ್ದರೆ ಒಳ್ಳೆಯದು. ಹಳೇ ಜಗಳ ಹೊಸದಾಗಿ ಶುರುವಾಗುತ್ತದೆ, ಮೊಬೈಲು ರೆಕಾರ್ಡಿಂಗಿನಲ್ಲಿರಲಿ, ನೀವು ಸುಮ್ಮನಿರಿ.

ಕಬಡ್ಡಿ ಆಡಿದವರನ್ನು ಕಂಡರೆ ಉಸಿರು ಹಿಡಿದು ಹೇಳುತ್ತಿದ್ದ ಮಾತೇನು ಅಂತ ಕೇಳಿ. ಮಹಾರಾಷ್ಟ್ರದ ಕಡೆ ಹುತುತು, ತಮಿಳುನಾಡಿನಲ್ಲಿ ಚಡುಗುಡು. ನಡುವೆ ಇರುವ ನಮ್ಮಲ್ಲಿ ಎರಡರ ಸದ್ದೂ ಗಡಿಯ ಊರುಗಳಲ್ಲಿ ಸಿಗುತ್ತದೆ. 1990ರ ಬೀಜಿಂಗ್ ಏಷ್ಯನ್ ಗೇಮ್ಸಿಗೆ ಕಬಡ್ಡಿ ಸೇರಿತು, ಈಗಂತೂ ಟಿವಿಯಲ್ಲಿ ಲೀಗೇ ನಡೆಯುತ್ತದೆ. ಆಟಕ್ಕೆ ಅದರಿಂದ ಒಳ್ಳೆಯದೇ ಆಗಿದೆ. ಆದರೆ ಒಂದು ನಿಯಮ, ಒಂದು ಹೆಸರು, ಒಂದು ಕೂಗು ಗಟ್ಟಿಯಾದ ಮೇಲೆ ಉಳಿದ ಕೂಗುಗಳು ಅಂಗಳದಿಂದ ಎದ್ದು ಹೋದವು. ಚಿನ್ನಿದಾಂಡಿಗೆ ಆ ಭಾಗ್ಯ ಬರಲಿಲ್ಲ, ಹಾಗಾಗಿ ಅದರ ಮಾತು ಇನ್ನೂ ಚೆಲ್ಲಾಪಿಲ್ಲಿಯಾಗಿ ಉಳಿದಿದೆ.

ಒಳಾಂಗಣದ ಆಟಕ್ಕೆ ಅಜ್ಜಿಯರೇ ಬೇಕು

ಹೆಣ್ಣುಮಕ್ಕಳ ಆಟದ ಮಾತನ್ನು ಗಂಡಸರಿಂದ ಕೇಳಿ ಬರೆಯುವುದು ದಂಡ. ಐದು ಕಲ್ಲಿನ ಆಟ ತಗೊಳ್ಳಿ. ಹಳೇ ಮೈಸೂರಿನಲ್ಲಿ ಅಣ್ಣೆಕಲ್ಲು, ಉತ್ತರದಲ್ಲಿ ಹರಳಾಟ, ಹಳ್ಳಾಟ, ಎಲ್ಲೋ ಕಲ್ಲಾಟ ಅಷ್ಟೇ. ಒಂದು ಕಲ್ಲು ಮೇಲೆ ಹಾರಿಸಿ ಅದು ಬೀಳುವುದರೊಳಗೆ ನೆಲದ ಕಲ್ಲು ಬಾಚಬೇಕು. ಮೊದಲು ಒಂದೊಂದು, ಆಮೇಲೆ ಎರಡೆರಡು, ಆಮೇಲೆ ಮೂರು ಒಟ್ಟಿಗೆ. ಪ್ರತಿ ಸುತ್ತಿಗೂ ಹೆಸರಿರುತ್ತದೆ, ಎಷ್ಟೋ ಕಡೆ ಪ್ರತಿ ಸುತ್ತಿಗೂ ಒಂದು ಸಾಲು ಹಾಡಿರುತ್ತದೆ. ಕಲ್ಲು ಕೈಗೆ ಕೊಡದೆ ಈ ಹಾಡು ಬರುವುದೇ ಇಲ್ಲ. ಕೈ ಆಡಿದರೇ ಬಾಯಿ ಬರುವುದು.

ಅಜ್ಜಿಯರ ವಿಷಯದಲ್ಲಿ ಇನ್ನೊಂದು ಮುಖ್ಯ ಪ್ರಶ್ನೆ: ತವರು ಯಾವುದು? ನೀವು ಮಂಡ್ಯದ ಹಳ್ಳಿಯಲ್ಲಿ ಕೂತು ಕೇಳುತ್ತಿರಬಹುದು. ಅಜ್ಜಿ ಹುಟ್ಟಿ, ಆಡಿ ಬೆಳೆದದ್ದು ತಿಪಟೂರಿನ ಕಡೆ ಇರಬಹುದು. ಗಂಡಸರು ಹೆಚ್ಚಾಗಿ ಹುಟ್ಟಿದೂರಿನ ಮಾತನ್ನೇ ಹೇಳುತ್ತಾರೆ. ಹೆಂಗಸರ ಆಟದ ಮಾತು ತವರಿನದು, ಅಡುಗೆಮನೆಯ ಮಾತು ಗಂಡನ ಊರಿನದು, ಹೀಗೆ ಬೆರೆತಿರುತ್ತದೆ. ತವರು ಕೇಳದೆ 'ಇದು ಮಂಡ್ಯದ ಪದ' ಅಂತ ಬರೆದರೆ ತಪ್ಪು ಊರಿಗೆ ಕಟ್ಟಿದ ಹಾಗೆ. ಎಷ್ಟು ವಯಸ್ಸಿನವರೆಗೆ ಆಡಿದಿರಿ ಅಂತಲೂ ಕೇಳಿ. ಹುಡುಗಿಯರನ್ನು ಬೀದಿಯಾಟದಿಂದ ಬೇಗ ಒಳಗೆ ಕರೆದುಬಿಡುತ್ತಿದ್ದರು. ಅದಕ್ಕೇ ಕೆಲವು ಅಜ್ಜಿಯರಿಗೆ ಕುಂಟೆಬಿಲ್ಲೆ ಅರ್ಧ ನೆನಪು, ಚೌಕಾಬಾರ ಪೂರ್ತಿ ನೆನಪು.

ಚೌಕಾಬಾರ ಚಳಿಗಾಲದ ರಾತ್ರಿಗೆ ಹೇಳಿ ಮಾಡಿಸಿದ್ದು. ಐದೈದರ 25 ಮನೆ, ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಗುಚಿದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕಲು ಸಿಗುತ್ತದೆ. ಕಟ್ಟೆಮನೆ, ಗಟ್ಟಾಮನೆ ಅಂತಲೂ ಇದನ್ನು ಕರೆಯುತ್ತಾರೆ. ಅಡ್ಡಗೆರೆ ಎಳೆದ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ಹೊರಗೆ ಸಿಕ್ಕರೆ ಹೊಡೆತ. ಒಳಗಿನ ಮನೆ ಸೇರಿದರೆ ಕಾಯಿ ಹಣ್ಣಾಯಿತು. ನಿಮ್ಮ ಮನೆಯಲ್ಲಿ ಹೊಡೆಯುತ್ತಾರೋ, ಕಡಿಯುತ್ತಾರೋ, ತಿನ್ನುತ್ತಾರೋ, ಅದನ್ನು ಗಮನಿಸಿ.

ಕವಡೆ ಇಲ್ಲದಿದ್ದರೆ ಹುಣಸೆ ಬೀಜ ತನ್ನಿ. ದಪ್ಪ ಬೀಜ ಆರಿಸಿ, ಒಂದು ಮಗ್ಗುಲನ್ನು ಒರಟು ಕಲ್ಲಿನ ಮೇಲೆ, ಇಲ್ಲಾ ಮೆಟ್ಟಿಲ ಸಿಮೆಂಟಿನ ಮೇಲೆ ನೀರು ಹನಿಸಿ ತಿಕ್ಕುತ್ತಾ ಹೋಗಿ. ಮೊದಲು ಕಂದು ಸಿಪ್ಪೆ ಮಂಕಾಗುತ್ತದೆ, ಆಮೇಲೆ ನಡುವೆ ಬಿಳಿ ಚುಕ್ಕೆ ಕಾಣುತ್ತದೆ, ಅದು ಅಗಲವಾಗುತ್ತಾ ಆ ಮಗ್ಗುಲು ಪೂರ್ತಿ ಬೆಳ್ಳಗೆ, ಚಪ್ಪಟೆ ಆಗುವವರೆಗೆ ಬಿಡಬಾರದು. ಬೆರಳು ಬಿಸಿಯಾಗುತ್ತದೆ, ಉಗುರೂ ಸವೆಯುತ್ತದೆ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಅಜ್ಜಿ ಪಕ್ಕದಲ್ಲಿ ಕೂತಿರಲಿ. ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಕನ್ನಡದ ಮನೆಗಳಿಗೂ ಇದೇ ಆಟ ಸರಿ. ಹೊರಗೆ ಹಿಮ ಬೀಳುವಾಗ ಚಿನ್ನಿದಾಂಡು ಆಗುವ ಮಾತಲ್ಲ, ಇಂಡಿಯನ್ ಸ್ಟೋರಿನಲ್ಲಿ ಬೀಜ ತೆಗೆಯದ ಹುಣಸೆಹಣ್ಣು ಸಿಕ್ಕರೆ ಸಾಕು. ಊರಿನ ಅಜ್ಜಿಯನ್ನು ವಿಡಿಯೋ ಕಾಲಿನಲ್ಲಿ ಕೂರಿಸಿ ಅವರ ಪರವಾಗಿ ಯಾರಾದರೂ ಬೀಜ ಹಾಕಿ.

ಕೇಳಿದ ಹಾಗೆ ಬರೆಯಿರಿ

ಬರೆಯುವಾಗ ಕೈ ತಾನಾಗಿ ತಿದ್ದಲು ಹೋಗುತ್ತದೆ. ತಡೆಯಿರಿ. ಧಾರವಾಡದವರು 'ಮನಿ' ಅಂದರೆ ಮನಿ, ಮನೆ ಅಲ್ಲ. ಮಂಡ್ಯದವರು ಹ ಬಿಟ್ಟು 'ಒಡಿ' ಅಂದರೆ ಅದನ್ನೇ ಬರೆಯಿರಿ. ಪಕ್ಕದಲ್ಲಿ 'ಹೊಡೆ ಅನ್ನುವ ಅರ್ಥ' ಅಂತ ಸೇರಿಸಿ, ಇಲ್ಲವಾದರೆ ಓದಿದವರು ಒಡೆಯುವುದು ಅಂದುಕೊಳ್ಳುತ್ತಾರೆ. ಚಿಣಿಫಣಿಯನ್ನು ಅಚ್ಚಿನಲ್ಲಿ ಫ ಹಾಕಿ ಬರೆದದ್ದನ್ನು ನೋಡಿರುತ್ತೀರಿ, ಎದುರಿಗಿರುವವರ ಬಾಯಲ್ಲಿ ಪ ಬಂದರೆ ಪ ಬರೆಯಿರಿ. ಕುಂದಾಪುರದ ಕಡೆಯ ಮಾತಿನಲ್ಲಿ ಕೊನೆಯ ಸ್ವರ ಕಡಿದುಹೋಗುತ್ತದೆ, ಅಲ್ಲಿ ಅರ್ಧಾಕ್ಷರ ಬಳಸಿ.

ಪದ ಒಂಟಿಯಾಗಿ ಬೇಡ, ವಾಕ್ಯದೊಳಗೆ ಇರಲಿ. ಆಡಲು ಕರೆಯುವ ಒಂದೇ ಮಾತನ್ನು ನೋಡಿ. ಧಾರವಾಡದಲ್ಲಿ 'ಆಡೂಣ ಬಾರಲೇ'. ಮಂಡ್ಯದಲ್ಲಿ 'ಆಡನ ಬಾರ್ಲಾ'. ಮಂಗಳೂರಿನಲ್ಲಿ 'ಆಡುವಾ ಬಾ ಮಾರಾಯ'. ಆಟದ ಹೆಸರು ಬರುವ ಮೊದಲೇ ಊರು ಗೊತ್ತಾಯಿತು.

ಇಂಗ್ಲಿಷಿನಿಂದ ಬಂದವನ್ನು ಕಸ ಅಂತ ತೆಗೆದುಹಾಕಬೇಡಿ. ಐಸ್ ಪೈಸ್, ಔಟು, ಟೈಂಪ್ಲೀಸ್ ಇವೂ ಊರಮಾತೇ, ಪೇಟೆಯ ಊರಮಾತು. 'ಶುದ್ಧ ಜಾನಪದ' ಹುಡುಕುವವರು ಇವನ್ನು ಬಿಟ್ಟು ಬರೆದ ಪಟ್ಟಿಗಳು ನನಗೆ ಯಾವಾಗಲೂ ಸಪ್ಪೆ ಅನ್ನಿಸುತ್ತವೆ. ಐಸ್ ಪೈಸ್ ಆಡಿದ ಮಕ್ಕಳಿಗೇ ಈಗ ಮೊಮ್ಮಕ್ಕಳಿದ್ದಾರೆ.

ಬೈಗುಳ ಬರುತ್ತವೆ. ಜಾತಿ ಹಿಡಿದು ಹೀಯಾಳಿಸುವ ಮಾತೂ ಬರುತ್ತದೆ, ಯಾರನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ ಅನ್ನುವುದೂ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಇದ್ದದ್ದು ಇದ್ದ ಹಾಗೇ ಇರಲಿ. ಹತ್ತು ಜನಕ್ಕೆ ಕಳಿಸುವಾಗ ಮಾತ್ರ ಯೋಚಿಸಿ, ಹೇಳಿದವರ ಹೆಸರು ತೆಗೆಯಿರಿ. ರೆಕಾರ್ಡ್ ಮಾಡುವ ಮೊದಲು ಕೇಳುವುದನ್ನಂತೂ ಮರೆಯಲೇಬೇಡಿ. ಕೇಳಿದರೆ ಬೇಡ ಅನ್ನುವವರು ಕಡಿಮೆ.

ಪ್ರತಿ ಮಾತಿನ ಜೊತೆ ಇಷ್ಟು ಇದ್ದರೆ ಸಾಕು: ಊರು, ತಾಲ್ಲೂಕು, ಹೇಳಿದವರ ಅಂದಾಜು ವಯಸ್ಸು, ಹೆಣ್ಣೋ ಗಂಡೋ, ತವರು, ಮನೆಯ ಮಾತು ಯಾವುದು, ಮತ್ತು ಆ ಮಾತು ಬರುವ ಒಂದು ವಾಕ್ಯ. ಮನೆಮಾತು ಯಾಕೆ ಅಂದರೆ, ಕಾಸರಗೋಡು, ಸೊಲ್ಲಾಪುರ, ಹೊಸೂರು, ತಾಳವಾಡಿಯಂಥ ಗಡಿಯ ಕಡೆ ಮಗು ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಆಟದಲ್ಲಿ ಮೂರನೆಯದೇ ಒಂದು ಮಾತಾಡುತ್ತದೆ.

ನಿಘಂಟು ಕೊನೆಗೆ ತೆಗೆಯಿರಿ

ಮೊದಲೇ ನೋಡಿದರೆ ನಿಮ್ಮ ಕಿವಿ ಅದನ್ನೇ ಹುಡುಕುತ್ತದೆ. ಮಾತು ಕೂಡಿಟ್ಟ ಮೇಲೆ ತಾಳೆ ನೋಡಿ. 1894ರ ಕಿಟ್ಟೆಲ್ ನಿಘಂಟು ಇದಕ್ಕೆ ಈಗಲೂ ಒಳ್ಳೆಯದು. ಎಷ್ಟೋ ಪದಗಳ ಪಕ್ಕ ಇದು ಮೈಸೂರು ಸೀಮೆಯದು, ಇದು ದಕ್ಷಿಣ ಮರಾಠಾ ಸೀಮೆಯದು ಅಂತ ಚಿಕ್ಕ ಗುರುತು ಹಾಕಿದ್ದಾರೆ. ಆ ಮರಾಠಾ ಸೀಮೆ ಅಂದರೆ ಇವತ್ತಿನ ಧಾರವಾಡ, ಬೆಳಗಾವಿ ಕಡೆ. ಮೊಬೈಲಿನಲ್ಲಿ ಬೇಗ ನೋಡಲು 'ಅಲರ್' ಅನ್ನುವ ಆನ್‌ಲೈನ್ ನಿಘಂಟು ಇದೆ. ಪದ ಎರಡರಲ್ಲೂ ಸಿಗದಿದ್ದರೆ ನಿಮ್ಮ ಅಜ್ಜ ತಪ್ಪು ಹೇಳಿದರು ಅಂತಲ್ಲ. ಅದೇ ಊರಿನ ಇನ್ನೊಬ್ಬರನ್ನು, ಮೊದಲನೆಯವರು ಏನು ಹೇಳಿದರು ಅಂತ ಬಾಯಿ ಬಿಡದೆ, ಹೊಸದಾಗಿ ಆಡಿಸಿ ಕೇಳಿ. ಅದೇ ಮಾತು ಬಂದರೆ ಗಟ್ಟಿ. ಬೇರೆ ಬಂದರೆ ಎರಡನ್ನೂ ಇಟ್ಟುಕೊಳ್ಳಿ, ಒಂದೇ ಊರಿನ ಎರಡು ಕೇರಿಯಲ್ಲಿ ಎರಡು ಮಾತಿರುವುದು ಮಾಮೂಲು. ಇಬ್ಬರನ್ನೂ ಎದುರು ಕೂರಿಸಿ 'ಯಾವುದು ಸರಿ' ಅಂತ ಮಾತ್ರ ಕೇಳಬೇಡಿ. ಜೋರು ದನಿಯವರು ಗೆಲ್ಲುತ್ತಾರೆ, ಇನ್ನೊಂದು ಮಾತು ಅಲ್ಲಿಗೇ ಸತ್ತಿತು.

ಮಕ್ಕಳ ಕೈಗೆ

ಕೂಡಿಟ್ಟದ್ದನ್ನು ಮಕ್ಕಳಿಗೆ ಪಾಠ ಮಾಡಬೇಡಿ, ಅವರ ಜೊತೆ ಆಡಿ. ಅಪಾರ್ಟ್‌ಮೆಂಟಿನಲ್ಲಿ ಚಿನ್ನಿದಾಂಡು ಬೇಡ. ಚೂಪು ಚಿನ್ನಿ ಕಣ್ಣಿಗೆ ಹೊಡೆದರೆ ಆಟ ಅಲ್ಲಿಗೆ ಮುಗಿಯಿತು, ಹಳ್ಳಿಯಲ್ಲೂ ಇಂಥದ್ದು ಆಗಿದ್ದಿದೆ. ಖಾಲಿ ಮೈದಾನ ಇದ್ದರೆ ಮಾತ್ರ ಆಡಿಸಿ, ಎದುರು ನಿಂತವರನ್ನು ದೂರ ನಿಲ್ಲಿಸಿ, ತುದಿಯನ್ನು ಮೊಂಡು ಮಾಡಿ. ಜಾಗ ಇಲ್ಲದವರು ಕುಂಟೆಬಿಲ್ಲೆ, ಅಣ್ಣೆಕಲ್ಲು, ಚೌಕಾಬಾರ ಹಿಡಿಯಿರಿ. ಒಂದು ಕಟ್ಟಡದಲ್ಲಿ ಬೀದರಿನವರು, ಉಡುಪಿಯವರು, ಚಾಮರಾಜನಗರದವರು ಇದ್ದೇ ಇರುತ್ತಾರೆ. ಒಂದು ವಾರ ಒಬ್ಬರ ಊರಿನ ನಿಯಮ, ಒಬ್ಬರ ಊರಿನ ಕೂಗು ಅಂತ ಮಾಡಿಕೊಳ್ಳಿ. ಮಕ್ಕಳು ಎರಡೇ ಆಟಕ್ಕೆ ಎಲ್ಲವನ್ನೂ ಬೆರೆಸಿ ತಮ್ಮದೇ ಒಂದು ಮಾಡಿಕೊಳ್ಳುತ್ತಾರೆ. ತಿದ್ದಬೇಡಿ. ಅದನ್ನೂ ಒಂದು ಹಾಳೆಯಲ್ಲಿ ಬರೆದಿಡಿ.

ರೆಕಾರ್ಡಿಂಗ್ ಫೈಲುಗಳಿಗೆ ಅವತ್ತೇ ಹೆಸರು ಕೊಡಿ: ಊರು, ಆಟ, ಇಸವಿ. ಇಲ್ಲದಿದ್ದರೆ ಮುಂದಿನ ಚಳಿಗಾಲಕ್ಕೆ ಯಾವುದು ಯಾರದು ಅಂತ ನಿಮಗೇ ಗೊತ್ತಾಗುವುದಿಲ್ಲ. ಮೊಬೈಲು ಕೆಡುತ್ತದೆ, ಹಾಗಾಗಿ ಇನ್ನೊಂದು ಕಡೆ ನಕಲು ಇರಲಿ. ಒಂದು ಪ್ರತಿಯನ್ನು ಹೇಳಿದವರ ಮನೆಗೂ ವಾಟ್ಸಾಪಿನಲ್ಲಿ ಕಳಿಸಿ. ಅದನ್ನು ಕೇಳಿದ ಅವರ ತಮ್ಮನೋ ನಾದಿನಿಯೋ, 'ಹಂಗಲ್ಲ, ನಾವು ಬ್ಯಾರೆ ಅಂತಿದ್ವಿ' ಅಂತ ಫೋನು ಮಾಡುವ ಸಾಧ್ಯತೆ ಜಾಸ್ತಿ. ಅದಕ್ಕೆ ನೋಟ್‌ಬುಕ್ಕಿನಲ್ಲಿ ಪ್ರತಿ ಆಟಕ್ಕೂ ಎರಡು ಹಾಳೆ ಖಾಲಿ ಬಿಟ್ಟಿರಿ.